ಬಾದಾಮಿಗೆ ಮೂರು ದಿನ: ಅತ್ತೆಗೆ ಮೊಣಕಾಲು ನೋವು, ಜೊತೆಗೆ ಹತ್ತು ವರ್ಷದ ಮಗ, ಯಾವುದು ಮೊದಲು ನೋಡೋಣ?

ಮಲ್ಲಿಗೆ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಬಾದಾಮಿಗೆ ಹೋಗುವ ಯೋಚನೆ ಇದೆ. ನಾವು ನಾಲ್ಕು ಜನ. ನಾನು, ನಮ್ಮ ಯಜಮಾನರು, ಹತ್ತು ವರ್ಷದ ಮಗ ಮತ್ತು ನಮ್ಮತ್ತೆ. ಅತ್ತೆಯವರಿಗೆ ಬನಶಂಕರಿ ಮನೆದೇವರು. ಓಡಾಡುವ ಶಕ್ತಿ ಇರುವಾಗಲೇ ಒಮ್ಮೆ ಅಮ್ಮನ ದರ್ಶನ ಮಾಡಿಸಿ ಅನ್ನುವುದು ಅವರ ಆಸೆ. ಹೇಗೂ ಅಷ್ಟು ದೂರ ಹೋಗುತ್ತೇವಲ್ಲ, ಗುಹೆಗಳು, ಪಟ್ಟದಕಲ್ಲು, ಐಹೊಳೆ ಎಲ್ಲ ಸರಿಯಾಗಿ ನೋಡಿಕೊಂಡು ಬರೋಣ ಅನ್ನುವುದು ನನ್ನ ಆಸೆ.

ಟ್ರಾವೆಲ್ಸ್‌ನವರೊಬ್ಬರನ್ನು ಕೇಳಿದೆ. ಹೊಸಪೇಟೆಯಲ್ಲಿ ಉಳಿದುಕೊಂಡು, ಬೆಳಗ್ಗೆ ಆರಕ್ಕೆ ಬಿಟ್ಟು, ಐಹೊಳೆ, ಪಟ್ಟದಕಲ್ಲು, ಬಾದಾಮಿ, ಬನಶಂಕರಿ ಎಲ್ಲ ನೋಡಿ ರಾತ್ರಿ ವಾಪಸ್ ಅಂದರು. ಅತ್ತೆಗೆ ಮೊಣಕಾಲು ನೋವು. ಮೆಟ್ಟಿಲು ಹತ್ತುವುದೂ ಕಷ್ಟ, ಜಾಸ್ತಿ ಹೊತ್ತು ಕಾರಿನಲ್ಲಿ ಕೂತರೂ ಕಷ್ಟ. ಹಾಗಾಗಿ ಧೈರ್ಯ ಬರುತ್ತಿಲ್ಲ.

ಗುರುವಾರ ರಾತ್ರಿ ಹೊರಟರೆ ಶುಕ್ರ, ಶನಿ, ಭಾನುವಾರ ಮೂರು ದಿನ ಸಿಗುತ್ತದೆ. ಎಲ್ಲಿ ಉಳಿಯಬೇಕು? ಯಾವುದು ಮೊದಲು? ಅತ್ತೆ ಯಾವುದನ್ನು ಹತ್ತಬಹುದು, ಯಾವುದಕ್ಕೆ ಕೆಳಗೇ ಕೂರಿಸಬೇಕು? ಮಗನಿಗೆ ಬೇಸರ ಆಗದ ಹಾಗೆ ಏನು ಮಾಡಬೇಕು? ಹೋಗಿ ಬಂದವರು ದಯವಿಟ್ಟು ಹೇಳಿ.

ಕೆರೂರ_ಹುಡುಗ

ಮೇಡಂ, ಆ ಒಂದು ದಿನದ ಪ್ಲಾನ್ ಬೇಡವೇ ಬೇಡ. ನಾನು ಇದೇ ಕಡೆಯವನು. ಹೊಸಪೇಟೆಯಿಂದ ಬಾದಾಮಿಗೆ 140 ಕಿಲೋಮೀಟರ್ ಹತ್ತಿರ. ಹೋಗಿ ಬರುವುದಕ್ಕೇ ಆರೇಳು ತಾಸು ಹೋಗುತ್ತದೆ. ಉಳಿದ ಹೊತ್ತಿನಲ್ಲಿ ನಾಲ್ಕು ಊರು ನೋಡುವುದು ಅಂದರೆ ಗಾಡಿ ಇಳಿ, ಫೋಟೋ ತೆಗಿ, ಗಾಡಿ ಹತ್ತು. ವಯಸ್ಸಾದವರನ್ನು ಕಟ್ಟಿಕೊಂಡು ಅದು ಆಗುವ ಕೆಲಸ ಅಲ್ಲ.

ಬಾದಾಮಿಯಲ್ಲೇ ಉಳಿಯಿರಿ. ಇಲ್ಲಿಂದ ಬನಶಂಕರಿ 5 ಕಿಲೋಮೀಟರ್, ಮಹಾಕೂಟ ಸುಮಾರು 14, ಪಟ್ಟದಕಲ್ಲು 22. ಪಟ್ಟದಕಲ್ಲಿನಿಂದ ಐಹೊಳೆ ಇನ್ನೊಂದು 13–14. ಎಲ್ಲ ಕೈಯಳತೆಯಲ್ಲಿವೆ. ಬಸ್ ಸ್ಟ್ಯಾಂಡ್ ಹತ್ತಿರ, ಮುಖ್ಯ ರಸ್ತೆಯ ಮೇಲೆ ಲಾಡ್ಜ್‌ಗಳಿವೆ. ಪ್ರವಾಸೋದ್ಯಮ ನಿಗಮದ ಮಯೂರ ಚಾಲುಕ್ಯ ಇದೆ. ಬುಕ್ ಮಾಡುವಾಗ ಕೆಳಗಿನ ಮಹಡಿಯ ರೂಮೇ ಬೇಕು ಅಂತ ಹೇಳಿ. ಅತ್ತೆಯವರಿಗೆ ಅದು ಮುಖ್ಯ.

ಬರುವುದಕ್ಕೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಒಳ್ಳೆಯದು. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿ, ಗದಗ ಮೇಲೆ ಬರುತ್ತದೆ. ರಾತ್ರಿ ಮಲಗಿದರೆ ಬೆಳಗ್ಗೆ ಬಾದಾಮಿ. ಅತ್ತೆಗೆ ಲೋವರ್ ಬರ್ತ್ ಸಿಗುವ ಹಾಗೆ ಮೊದಲೇ ಟಿಕೆಟ್ ಮಾಡಿಸಿ. ಸ್ಟೇಷನ್ ಊರಿನಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿದೆ, ಹೊರಗೆ ಆಟೋ, ಟಂಟಂ ನಿಂತಿರುತ್ತವೆ. ಕಾರಿನಲ್ಲಿ ಬರುವವರು ಹುಬ್ಬಳ್ಳಿ ದಾಟಿ ಕುಳಗೇರಿ ಕ್ರಾಸ್‌ನಲ್ಲಿ ತಿರುಗಬೇಕು.

ಇನ್ನೊಂದು ಮಾತು. ಬನದ ಹುಣ್ಣಿಮೆ ಯಾವತ್ತು ಬರುತ್ತದೆ ಅಂತ ಕ್ಯಾಲೆಂಡರ್ ನೋಡಿಕೊಂಡೇ ತಾರೀಖು ಹಾಕಿ. ಆ ಹೊತ್ತಿಗೆ ಬನಶಂಕರಿ ಜಾತ್ರೆ. ತೇರಿನ ದಿನ ರೂಮೂ ಸಿಗುವುದಿಲ್ಲ, ರಸ್ತೆಯೂ ಸಿಗುವುದಿಲ್ಲ.

ಪಯಣಿಗ_ತುಮಕೂರು

ಮೂರು ದಿನ ಬಾದಾಮಿಗೇ ಯಾಕೆ? ಒಂದೂವರೆ ದಿನ ಸಾಕು. ಉಳಿದದ್ದರಲ್ಲಿ ಹಂಪಿ ಸೇರಿಸಿಕೊಳ್ಳಿ. ಅಷ್ಟು ದೂರ ಹೋಗಿ ಹಂಪಿ ಬಿಟ್ಟು ಬರುವುದಾ?

ಹುಬ್ಬಳ್ಳಿ_ಅಕ್ಕ

ಪಯಣಿಗ ಅವರೇ, ಹಂಪಿಗೆ ಒಂದೂವರೆ ದಿನ ಕೊಟ್ಟರೆ ಹಂಪಿಗೂ ಅನ್ಯಾಯ, ಬಾದಾಮಿಗೂ ಅನ್ಯಾಯ. ಹಂಪಿ ಬಯಲು ತುಂಬ ಹರಡಿಕೊಂಡಿದೆ, ಮೊಣಕಾಲು ನೋವಿನವರಿಗೆ ಅದು ಬೇರೆಯದೇ ಕಷ್ಟ. ಅದಕ್ಕೆ ಇನ್ನೊಂದು ಸಲ ಹೋಗಲಿ.

ಮಲ್ಲಿಗೆ, ನಮ್ಮ ತಾಯಿಗೂ ನಿಮ್ಮತ್ತೆಯ ಹಾಗೆ ಮೊಣಕಾಲು. ನಾವು ಕರೆದುಕೊಂಡು ಹೋಗಿದ್ದೆವು. ಅದರಿಂದ ಹೇಳುತ್ತೇನೆ.

ಬಾದಾಮಿಯ ನಾಲ್ಕು ಗುಹೆಗಳು ತೆಂಕಣ ಗುಡ್ಡದಲ್ಲಿ ಒಂದರ ಮೇಲೊಂದು ಇವೆ. ಮೊದಲನೆಯದಕ್ಕೆ ಮೆಟ್ಟಿಲು ಕಡಿಮೆ. ನಿಧಾನವಾಗಿ, ಅಲ್ಲಲ್ಲಿ ನಿಂತು ಹತ್ತಿದರೆ ಆಗುತ್ತದೆ. ಅಲ್ಲೇ ಹದಿನೆಂಟು ಕೈಯ ನಟರಾಜ ಇರುವುದು. ಅದೊಂದನ್ನು ನೋಡಿದರೂ ಅವರಿಗೆ ಸಮಾಧಾನ ಆಗುತ್ತದೆ. ಅಲ್ಲಿಂದ ಮೇಲಕ್ಕೆ ಮೆಟ್ಟಿಲುಗಳ ಎತ್ತರ ಒಂದೇ ಸಮ ಇಲ್ಲ, ಕೆಲವು ಮೊಣಕಾಲಿಗೆ ಬಹಳ ಎತ್ತರ. ಹತ್ತುವುದಕ್ಕಿಂತ ಇಳಿಯುವಾಗ ಜಾಸ್ತಿ ನೋವು. ಅಮ್ಮ ಮೊದಲನೇ ಗುಹೆಯ ಜಗಲಿಯಲ್ಲಿ ಕೂತರು, ನಾವು ಮೂರನೆಯದಕ್ಕೂ ನಾಲ್ಕನೆಯದಕ್ಕೂ ಹೋಗಿ ಬಂದೆವು. ಒಬ್ಬರು ಅವರ ಜೊತೆ ಇರಬೇಕು. ಮಂಗಗಳ ಕಾಟಕ್ಕೆ.

ಮಂಗಗಳ ವಿಷಯ ಗಂಭೀರವಾಗಿ ತೆಗೆದುಕೊಳ್ಳಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಬಾಳೆಹಣ್ಣು, ಬಿಸ್ಕೆಟ್ ಪೊಟ್ಟಣ ಕಂಡರೆ ಬಿಡುವುದಿಲ್ಲ. ಹೆಗಲಿಗೆ ಹಾಕುವ ಜಿಪ್ ಇರುವ ಚೀಲ ಒಂದು ಸಾಕು. ತಿಂಡಿ ಗಾಡಿಯಲ್ಲೇ ಬಿಡಿ. ಮಗನಿಗೆ ಮೊದಲೇ ಹೇಳಿಡಿ, ಅವುಗಳ ಕಡೆ ಹಲ್ಲು ಕಿರಿದು ನೋಡಬಾರದು, ಕೈಯೆತ್ತಬಾರದು.

ಅತ್ತೆಯವರಿಗೆ ನಿಜವಾಗಿ ಆರಾಮ ಅನಿಸುವುದು ಅಗಸ್ತ್ಯ ತೀರ್ಥದ ದಂಡೆ. ಕೆರೆಯ ಮೂಡಣ ತುದಿಯಲ್ಲಿ ಭೂತನಾಥ ಗುಡಿ ಇದೆ. ಅಲ್ಲಿಗೆ ಕೆರೆಯ ಪಕ್ಕದಲ್ಲೇ ಹೆಚ್ಚು ಏರಿಳಿತ ಇಲ್ಲದ ದಾರಿ. ಸಂಜೆ ಹೋಗಿ. ಬೇರೇನೂ ಇಟ್ಟುಕೊಳ್ಳಬೇಡಿ ಆ ಹೊತ್ತಿಗೆ.

ಗದಗ_ಟೀಚರ್

ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ. ಈ ಊರುಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದು ನಮ್ಮಲ್ಲಿ ರೂಢಿ. ಯಾವುದು ಮೊದಲು ಅಂತ ಕೇಳಿದ್ದೀರಿ, ಅದಕ್ಕೆ ಉತ್ತರ ಕೊಡುತ್ತೇನೆ. ಐಹೊಳೆ ಮೊದಲು, ಪಟ್ಟದಕಲ್ಲು ಆಮೇಲೆ. ತಿರುವುಮುರುವು ಮಾಡಬೇಡಿ.

ಪಟ್ಟದಕಲ್ಲನ್ನು ಮೊದಲು ನೋಡಿದ ಮಕ್ಕಳು ಐಹೊಳೆಗೆ ಬಂದು "ಇಷ್ಟೇನಾ ಸರ್" ಅಂತ ಕೇಳುತ್ತಾರೆ. ಐಹೊಳೆಯನ್ನು ಮೊದಲು ನೋಡಿದವರು ಹಾಗೆ ಕೇಳುವುದಿಲ್ಲ. ಅಲ್ಲಿ ಒಂದು ಗುಡಿಯ ಹಾಗೆ ಇನ್ನೊಂದು ಇಲ್ಲ. ಲಾಡಖಾನ್ ಗುಡಿಯ ಚಾವಣಿ ನೋಡಿ. ಇಳಿಜಾರಾಗಿ ಕಲ್ಲಿನ ಚಪ್ಪಡಿ ಹಾಸಿ, ಚಪ್ಪಡಿಗಳ ಸಂದಿನ ಮೇಲೆ ಉದ್ದುದ್ದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಮರದ ಮನೆ ಕಟ್ಟಿ ಗೊತ್ತಿದ್ದ ಕೈಗಳು ಕಲ್ಲಿನಲ್ಲಿ ಕೆಲಸ ಮಾಡಿವೆ ಅಂತ ಮಕ್ಕಳಿಗೂ ಹೊಳೆಯುತ್ತದೆ. ಹತ್ತಿರದಲ್ಲೇ ದುರ್ಗ ಗುಡಿ. ಅದರ ಹಿಂಭಾಗ ಗುಂಡಗೆ ತಿರುಗಿದೆ. ಸುತ್ತಲೂ ಕಂಬಗಳ ಓಣಿ ಇದೆ, ಗೋಡೆಯ ಗೂಡುಗಳಲ್ಲಿ ಮಹಿಷಮರ್ದಿನಿ, ನರಸಿಂಹ, ವರಾಹ, ಹರಿಹರ. ನೆರಳಿನಲ್ಲಿ ನಡೆಯುತ್ತಲೇ ಒಂದೊಂದಾಗಿ ನೋಡಬಹುದು. ಅತ್ತೆಯವರಿಗೂ ಇಲ್ಲಿ ತೊಂದರೆ ಇಲ್ಲ, ಒಳಗೆ ಹೋಗಲು ಮಾತ್ರ ಕೆಲವು ಮೆಟ್ಟಿಲು.

ರಾವಣಫಡಿ ಸ್ವಲ್ಪ ದೂರ, ಊರಿನ ಆಚೆ. ಗಾಡಿಯಲ್ಲೇ ಹೋಗಿ. ಬಿಡಬೇಡಿ. ಒಳಗೆ ಎಡಕ್ಕೆ ಹತ್ತು ಕೈಯ ಶಿವ ಕುಣಿಯುತ್ತಿದ್ದಾನೆ, ಜೊತೆಗೆ ಸಪ್ತಮಾತೃಕೆಯರೂ ಇದ್ದಾರೆ. ಆ ತಾಯಂದಿರ ನಿಲುವು, ತೆಳ್ಳನೆಯ ಮೈ, ಎತ್ತರದ ಕಿರೀಟ ಎಷ್ಟು ಸಲ ನೋಡಿದರೂ ನನಗೆ ಸಾಲುವುದಿಲ್ಲ.

ಪಟ್ಟದಕಲ್ಲು ನೆಲ ಸಮತಟ್ಟು. ಹುಲ್ಲುಹಾಸಿನ ನಡುವೆ ಗುಡಿಗಳು. ಮೊಣಕಾಲಿನವರಿಗೆ ಮೂರರಲ್ಲಿ ಇದೇ ಸುಲಭ. 1987ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮಗನಿಗೆ ಒಂದು ಕೆಲಸ ಕೊಡಿ. ಉತ್ತರದ ಕಡೆಯ ರೀತಿಯಲ್ಲಿ ಬಾಗಿಕೊಂಡು ಮೇಲೆ ಹೋಗುವ ಶಿಖರ ಎಷ್ಟಿವೆ, ದಕ್ಷಿಣದ ರೀತಿಯಲ್ಲಿ ಅಂತಸ್ತು ಅಂತಸ್ತಾಗಿ ಏರುವ ಶಿಖರ ಎಷ್ಟಿವೆ, ಎಣಿಸು ಅನ್ನಿ. ಕಾಡಸಿದ್ಧೇಶ್ವರ, ಜಂಬುಲಿಂಗ, ಗಳಗನಾಥ, ಕಾಶಿ ವಿಶ್ವನಾಥ ಒಂದು ಕಡೆಗೆ ಹೋಗುತ್ತವೆ. ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಇನ್ನೊಂದು ಕಡೆಗೆ. ಎರಡೂ ರೀತಿ ಒಂದೇ ಬಯಲಿನಲ್ಲಿ ಅಕ್ಕಪಕ್ಕ ನಿಂತಿವೆ. ಕೊನೆಯಲ್ಲಿ ಪಾಪನಾಥ ಗುಡಿಗೆ ಹೋದಾಗ ಎಣಿಕೆ ತಪ್ಪುತ್ತದೆ. ಮೇಲೆ ಉತ್ತರದ ಶಿಖರ, ಗೋಡೆಯಲ್ಲಿ ದಕ್ಷಿಣದ ಕೆಲಸ. ಅಲ್ಲಿ ಹೊರಗೋಡೆಯ ಮೇಲೆ ರಾಮಾಯಣದ ಕಥೆ ಇದೆ. ಅದನ್ನು ಅಜ್ಜಿಯೇ ಮೊಮ್ಮಗನಿಗೆ ಹೇಳಲಿ.

ಶಾಸನಪ್ರಿಯ

ಟೀಚರ್ ಹೇಳಿದ ಕ್ರಮ ನನಗೂ ಒಪ್ಪಿಗೆ. ಕಾರಣಕ್ಕೆ ಮಾತ್ರ ಸ್ವಲ್ಪ ತಕರಾರು ಇದೆ. ಐಹೊಳೆಯ ಗುಡಿಗಳೆಲ್ಲ ಹಳೆಯವು, ಪಟ್ಟದಕಲ್ಲಿನವು ಹೊಸವು ಅಂತ ನಾವೆಲ್ಲ ಶಾಲೆಯಲ್ಲಿ ಕಲಿತೆವು. ಲಾಡಖಾನ್ ಗುಡಿ 5ನೇ ಶತಮಾನದ್ದು ಅಂತಲೂ ಓದಿದ್ದೆವು. ಈಗ ಬಹಳ ವಿದ್ವಾಂಸರು ಅದನ್ನು 7–8ನೇ ಶತಮಾನಕ್ಕೆ ತರುತ್ತಾರೆ. ದುರ್ಗ ಗುಡಿಯೂ ಪಟ್ಟದಕಲ್ಲಿಗಿಂತ ಅಷ್ಟೇನೂ ಮುಂಚಿನದಲ್ಲ. ಅಂದರೆ ಐಹೊಳೆಯವರು ಕಲಿಯುತ್ತಿದ್ದರು, ಪಟ್ಟದಕಲ್ಲಿನವರು ಪಾಸಾದರು ಅಂತ ಮಗನಿಗೆ ಹೇಳಬೇಡಿ. ಒಂದೇ ಕಾಲದ ಶಿಲ್ಪಿಗಳು ಬೇರೆ ಬೇರೆ ದಾರಿ ಹಿಡಿದು ನೋಡಿದ್ದಾರೆ ಅಂದರೆ ಹೆಚ್ಚು ಸರಿ.

ಕಲ್ಲಿನ ಮೇಲೇ ತಾರೀಖು ಇರುವ ಜಾಗಗಳಿವೆ. ಅವುಗಳನ್ನು ಹಿಡಿದು ಹೋದರೆ ಇತಿಹಾಸ ಕೈಗೆ ಸಿಗುತ್ತದೆ.

ಮೊದಲನೆಯದು ಬಾದಾಮಿಯ ಬಡಗಣ ಗುಡ್ಡದ ಬಂಡೆಯ ಮೇಲಿನದು. ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ, ಶಕ 465, ಅಂದರೆ ಕ್ರಿ.ಶ. 543. ಎರಡನೆಯದು ಮೂರನೇ ಗುಹೆಯಲ್ಲಿ. ಶಕ 500, ಕ್ರಿ.ಶ. 578. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ ತಮ್ಮ ಮಂಗಳೇಶ ಆ ಗುಹೆಯನ್ನು ವಿಷ್ಣುವಿಗೆ ಮಾಡಿಸಿದ. ಅಲ್ಲೇ ಮಂಗಳೇಶನ ಕನ್ನಡ ಶಾಸನವೂ ಇದೆ. ಕನ್ನಡದ ತೀರ ಹಳೆಯ ಶಾಸನಗಳಲ್ಲಿ ಅದೂ ಒಂದು. ಆರನೇ ಶತಮಾನದ ಕನ್ನಡ ಅಕ್ಷರದ ಮುಂದೆ ನಿಂತಿದ್ದೇನೆ ಅನ್ನುವುದು ನನಗಂತೂ ಸಣ್ಣ ಸಂಗತಿ ಅಲ್ಲ.

ಮೂರನೆಯದು ಐಹೊಳೆಯ ಮೇಗುತಿ ಗುಡ್ಡದ ಮೇಲಿನ ಜೈನ ಬಸದಿ. ಶಕ 556, ಕ್ರಿ.ಶ. 634. ಕಟ್ಟಿಸಿದವನು ರವಿಕೀರ್ತಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಸಂಗತಿ ನಮಗೆ ಗೊತ್ತಿರುವುದಕ್ಕೆ ಆ ಗೋಡೆಯ ಮೇಲಿನ ಶಾಸನ ದೊಡ್ಡ ಕಾರಣ. ಮೆಟ್ಟಿಲು ಇದೆ, ಅತ್ತೆಯವರಿಗೆ ಬೇಡ. ನೀವೂ ಮಗನೂ ಹೋಗಿ. ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ವಿಹಾರ ಸಿಗುತ್ತದೆ, ಮೇಲಿನಿಂದ ಇಡೀ ಐಹೊಳೆ ಕಾಣುತ್ತದೆ.

ಅದಾಗಿ ಎಂಟೇ ವರ್ಷಕ್ಕೆ, 642ರಲ್ಲಿ, ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ. ಅವನ ಶಾಸನವೂ ಬಾದಾಮಿಯ ಬಂಡೆಯ ಮೇಲೆ ಇದೆ. ಸುಮಾರು ನೂರು ವರ್ಷದ ನಂತರ ಚಾಲುಕ್ಯ ವಿಕ್ರಮಾದಿತ್ಯ ಕಂಚಿಗೆ ಹೋಗಿ ಗೆದ್ದ. ಗೆದ್ದವನು ಊರನ್ನು ಸುಡಲಿಲ್ಲ. ಅಲ್ಲಿನ ದೇವಸ್ಥಾನದ ಸಂಪತ್ತನ್ನು ದೇವರಿಗೇ ಹಿಂದಕ್ಕೆ ಕೊಟ್ಟೆ ಅಂತ ಕಂಚಿಯ ಕೈಲಾಸನಾಥ ದೇವಸ್ಥಾನದ ಕಂಬದ ಮೇಲೆ ಕನ್ನಡದಲ್ಲಿ ಬರೆಸಿದ. ಆ ಗೆಲುವಿನ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಈ ಕಥೆ ಗೊತ್ತಿದ್ದು ಹೋದರೆ ವಿರೂಪಾಕ್ಷದ ಮುಂದೆ ನಿಂತಾಗ ಮೈ ಜುಮ್ಮೆನ್ನುತ್ತದೆ. ಅಲ್ಲಿ ಇವತ್ತಿಗೂ ಪೂಜೆ ನಡೆಯುತ್ತದೆ.

ಮಲ್ಲಿಗೆ_ಬೆಂಗಳೂರು

ಎಷ್ಟು ವಿವರವಾಗಿ ಬರೆದಿದ್ದೀರಿ, ತುಂಬ ಧನ್ಯವಾದ. ಹಂಪಿ ಬಿಟ್ಟೆವು. ಶಿಖರ ಎಣಿಸುವ ಕೆಲಸ ಮಗನಿಗೆ ಹೇಳಿದೆ, ಈಗಲೇ ನೋಟ್‌ಬುಕ್ ತೆಗೆದಿಟ್ಟುಕೊಂಡಿದ್ದಾನೆ.

ಇನ್ನೂ ಕೆಲವು ಸಂದೇಹ. ಗೈಡ್ ಬೇಕಾ? ಊಟ ಹೇಗೆ? ಅತ್ತೆ ಹೊರಗೆ ತಿನ್ನುವುದು ಕಡಿಮೆ. ಜಾತ್ರೆಯ ಹೊತ್ತಿಗೆ ಹೋಗುವುದು ಬೇಡವೇ ಬೇಡ ಅಂತೀರಾ? ಅತ್ತೆಗೆ ಜಾತ್ರೆಯ ಆಸೆಯೂ ಇದೆ.

ದೂರದ_ಕನ್ನಡಿಗ

ನಾವು ಹೊರದೇಶದಲ್ಲಿ ಇರುವವರು. ರಜೆಗೆ ಬಂದಾಗ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ಗೈಡ್ ಬಗ್ಗೆ ಹೇಳುತ್ತೇನೆ. ಬಾದಾಮಿ ಗುಹೆಗಳಿಗೂ ಪಟ್ಟದಕಲ್ಲಿಗೂ ತೆಗೆದುಕೊಳ್ಳಿ. ಗುರುತಿನ ಚೀಟಿ ಇರುವವರನ್ನೇ ಕೇಳಿ, ದುಡ್ಡು ಮೊದಲೇ ಮಾತಾಡಿ. ಜೊತೆಗೆ ಇನ್ನೊಂದು ಮಾತು ಮೊದಲೇ ಹೇಳಿ: ನಿಧಾನವಾಗಿ ಹೇಳಿ, ಹುಡುಗ ಪ್ರಶ್ನೆ ಕೇಳುತ್ತಾನೆ. ನಮಗೆ ಸಿಕ್ಕವರು ಕನ್ನಡದಲ್ಲೇ ಹೇಳಿದರು. ಅಲ್ಲಿ ಕೇಳಿದ ಒಂದು ಪದ್ಯವನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿಕೊಂಡರು. ಅದೇ, ತಟ್ಟುಕೋಟೆ ಕಡೆಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನ.

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಸುಮಾರು 700ರ ಹೊತ್ತಿನದು. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿ. ಕನ್ನಡ ಓದಲು ಇನ್ನೂ ಬಾರದ ಮಕ್ಕಳು ಇದನ್ನು ಜೋರಾಗಿ ಹೇಳಿಕೊಂಡು ಕೆರೆ ದಂಡೆಯಲ್ಲಿ ಓಡುತ್ತಿದ್ದರೆ ಕೇಳಲು ಬಹಳ ಸಂತೋಷವಾಯಿತು.

ಮಕ್ಕಳಿಗೆ ಹಿಡಿಸುವ ಇನ್ನೊಂದು ಜಾಗ ಬಡಗಣ ಕೋಟೆಯ ದಾರಿ. ಮ್ಯೂಸಿಯಂ ಪಕ್ಕದಿಂದ ಶುರುವಾಗುತ್ತದೆ. ಎತ್ತರದ ಎರಡು ಬಂಡೆಗಳ ನಡುವಿನ ಇಕ್ಕಟ್ಟು ಸೀಳಿನಲ್ಲಿ ಮೆಟ್ಟಿಲು. ಮೇಲೆ ಕೆಳಗಿನ ಶಿವಾಲಯ, ಮೇಲಿನ ಶಿವಾಲಯ ಅಂತ ಎರಡು ಗುಡಿ. ಪಕ್ಕದ ಬೇರೆಯದೇ ಬಂಡೆಯ ಮೇಲೆ ಮಾಲೆಗಿತ್ತಿ ಶಿವಾಲಯ. ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಿ, ನೀರು ಇರಲಿ. ಅಂಚಿನಲ್ಲಿ ಎಲ್ಲ ಕಡೆ ಕಟಕಟೆ ಇಲ್ಲ. ಮಗನ ಕೈ ಬಿಡಬೇಡಿ. ಪುರಾತತ್ವ ಇಲಾಖೆಯ ಜಾಗಗಳಲ್ಲಿ 15 ವರ್ಷದ ಒಳಗಿನವರಿಗೆ ಟಿಕೆಟ್ ಇಲ್ಲ.

ಹುಬ್ಬಳ್ಳಿ_ಅಕ್ಕ

ಊಟದ ಚಿಂತೆ ಮಾಡಬೇಡಿ. ಬಾದಾಮಿಯಲ್ಲಿ ಖಾನಾವಳಿಗಳಿವೆ. ಜೋಳದ ರೊಟ್ಟಿ, ಎಣಗಾಯಿ, ಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಖಾರ ಕಡಿಮೆ ಇರಲಿ ಅಂತ ಹೇಳಿದರೆ ಮಾಡಿಕೊಡುತ್ತಾರೆ. ಇಡ್ಲಿ ದೋಸೆಯ ಹೋಟೆಲೂ ಇವೆ.

ನನ್ನನ್ನು ಕೇಳಿದರೆ ಒಂದು ಹೊತ್ತಿನ ಊಟ ಬನಶಂಕರಿಯಲ್ಲೇ ಆಗಬೇಕು. ಗುಡಿಯ ಹತ್ತಿರ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಮನೆಯಿಂದ ರೊಟ್ಟಿ ತಂದಿರುತ್ತಾರೆ. ರೊಟ್ಟಿಯ ಮೇಲೇ ಪುಂಡಿ ಪಲ್ಯ, ಕೆಂಪು ಚಟ್ನಿ ಹಾಕಿ, ಮಡಿಕೆಯ ಗಟ್ಟಿ ಮೊಸರು ಕೊಡುತ್ತಾರೆ. "ಬರ್ರಿ ಯಕ್ಕಾ, ಉಣ್ಣು ಬರ್ರಿ" ಅಂತ ಕರೆಯುತ್ತಾರೆ. ನಮ್ಮ ಅಮ್ಮ ಹೊರಗೆ ಏನೂ ಮುಟ್ಟದವರು, ಅಲ್ಲಿ ಕೂತು ಉಂಡರು. ನಿಮ್ಮತ್ತೆಯೂ ಉಣ್ಣುತ್ತಾರೆ ನೋಡಿ.

ದರ್ಶನಕ್ಕೆ ಬೆಳಗ್ಗೆ ಬೇಗ ಹೋಗಿ. ಅಮ್ಮನದು ಕಪ್ಪು ಕಲ್ಲಿನ ಮೂರ್ತಿ, ಸಿಂಹದ ಮೇಲೆ ಕೂತಿದ್ದಾಳೆ, ಎಂಟು ಕೈ. ಗುಡಿಯ ಮುಂದೆ ಹರಿದ್ರಾ ತೀರ್ಥ. ಹೊಂಡದ ಸುತ್ತ ಕಲ್ಲಿನ ಮಂಟಪದ ಸಾಲು ಇದೆ, ಅದರ ನೆರಳಿನಲ್ಲಿ ಕೂರಬಹುದು. ಮಂಗಳವಾರ, ಶುಕ್ರವಾರ, ಅಮಾವಾಸ್ಯೆ, ಹುಣ್ಣಿಮೆ ಜನ ಜಾಸ್ತಿ. ಶನಿವಾರ ಹೋಗಿ.

ಕೆರೂರ_ಹುಡುಗ

ಜಾತ್ರೆ ಬೇಡವೇ ಬೇಡ ಅಂತ ನಾನು ಹೇಳಲಿಲ್ಲ ಮೇಡಂ. ತೇರಿನ ದಿನ ಬೇಡ ಅಂದೆ. ಜಾತ್ರೆ ಒಂದು ದಿನಕ್ಕೆ ಮುಗಿಯುವುದಲ್ಲ, ವಾರಗಟ್ಟಲೆ ನಡೆಯುತ್ತದೆ. ತೇರಿನ ಮುಂಚೆ ಪಲ್ಯದ ಹಬ್ಬ ಇರುತ್ತದೆ. ಬನಶಂಕರಿ ಶಾಕಂಭರಿ ಅಲ್ವಾ, ಅವತ್ತು ಅಮ್ಮನಿಗೆ 108 ಬಗೆಯ ಪಲ್ಯದ ನೈವೇದ್ಯ. ಅದನ್ನು ನೋಡಬೇಕು ಅಂದರೆ ಜನಜಂಗುಳಿ ತಡೆದುಕೊಳ್ಳಬೇಕು.

ತೇರು ಆಗಿ ಒಂದು ವಾರ ಕಳೆದ ಮೇಲೆ ಬಂದರೆ ಎರಡೂ ಸಿಗುತ್ತದೆ. ದರ್ಶನಕ್ಕೆ ನೂಕುನುಗ್ಗಲು ಕಡಿಮೆ, ಅಂಗಡಿ ಸಾಲು ಇನ್ನೂ ಇರುತ್ತದೆ. ನಾಟಕ ಕಂಪನಿಗಳ ಟೆಂಟೂ ಇರುತ್ತವೆ. ಈ ಜಾತ್ರೆಗೆ ನಾಟಕ ಕಂಪನಿಗಳು ಪೈಪೋಟಿಯ ಮೇಲೆ ಬರುತ್ತವೆ. ರಾತ್ರಿಯಿಡೀ ಆಟ. ಟಿವಿ, ಮೊಬೈಲ್ ಬಂದ ಮೇಲೂ ಆ ಟೆಂಟುಗಳು ತುಂಬುವುದನ್ನು ನೋಡಿದರೆ ನಮಗೆ ಹೆಮ್ಮೆ. ಅತ್ತೆಯವರಿಗೆ ಸಂಜೆಯ ಆಟ ಒಂದು ತೋರಿಸಿ, ಹಳೆಯ ಕಾಲದವರಿಗೆ ಬಹಳ ಹಿಡಿಸುತ್ತದೆ.

ಕ್ಯಾಮೆರಾ_ಕಣ್ಣು

ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ಭೂತನಾಥ ಗುಡಿ ಕೆರೆಯ ಮೂಡಣ ದಂಡೆಯಲ್ಲಿರುವುದರಿಂದ ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಹಿಂದಿನ ಕೆಂಪು ಬಂಡೆ ಆಗ ಇನ್ನೂ ಕೆಂಪಗಾಗುತ್ತದೆ. ಸೂರ್ಯ ಮುಳುಗುವ ಒಂದು ತಾಸು ಮುಂಚೆ ಅಲ್ಲಿರಿ. ಹೊತ್ತು ಮೀರಿ ಓಡಿ ಹೋಗಿ ಪ್ರಯೋಜನ ಇಲ್ಲ.

ಮೂರನೇ ಗುಹೆಯ ಜಗಲಿಗೆ ಜಾಸ್ತಿ ಹೊತ್ತು ಕೊಡಿ. ಎಲ್ಲರೂ ಶೇಷನ ಮೇಲೆ ಕೂತ ವಿಷ್ಣುವಿನ ಮುಂದೆ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ಕಂಬದ ತಲೆಯಲ್ಲಿ ಚಾಚಿಕೊಂಡಿರುವ ಜೋಡಿಗಳನ್ನು ನೋಡಿ. ಮರದ ಕೆಳಗೆ ನಿಂತ ಗಂಡು ಹೆಣ್ಣು, ಒಬ್ಬೊಬ್ಬರ ನಿಲುವೂ ಬೇರೆ. ಚಾವಣಿಯ ಅಂಚಿನಲ್ಲಿ ಹಳೆಯ ಬಣ್ಣದ ಚಿತ್ರಗಳ ಗುರುತೂ ಉಳಿದಿದೆ, ತುಂಬ ಮಾಸಿದೆ, ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಫ್ಲ್ಯಾಶ್ ಹಾಕಬೇಡಿ. ನಾಲ್ಕನೆಯದು ಜೈನ ಗುಹೆ, ಚಿಕ್ಕದು. ಅಲ್ಲಿನ ಬಾಹುಬಲಿ ಶ್ರವಣಬೆಳಗೊಳದ ಗೊಮ್ಮಟನಿಗಿಂತ ಮುನ್ನೂರು ವರ್ಷದಷ್ಟಾದರೂ ಹಳೆಯವನು.

ಐಹೊಳೆಯ ಬದಲು ಮಹಾಕೂಟ ಮಾತ್ರ ನೋಡಿದರೂ ಸಾಕು ಅಂತ ನನ್ನ ಅಭಿಪ್ರಾಯ. ಅತ್ತೆಯವರಿಗೆ ದಣಿವು ಕಡಿಮೆ.

ಗದಗ_ಟೀಚರ್

ಅದನ್ನು ಒಪ್ಪಲಾರೆ. ಐಹೊಳೆ ಬಿಟ್ಟರೆ ಈ ಪ್ರವಾಸದ ಅರ್ಧ ಬಿಟ್ಟ ಹಾಗೆ. ಮಹಾಕೂಟ ಚೆನ್ನಾಗಿದೆ, ನಿಜ. ಮರಗಳ ನೆರಳು, ಸದಾ ತುಂಬಿರುವ ಒರತೆಯ ಪುಷ್ಕರಣಿ, ಸುತ್ತ ಗುಡಿಗಳು. ಮಂಗಳೇಶನ ಪ್ರಸಿದ್ಧ ಕಂಬದ ಶಾಸನ ಸಿಕ್ಕಿದ್ದೂ ಅಲ್ಲೇ. ಆ ಕಂಬ ಈಗ ಅಲ್ಲಿಲ್ಲ, ವಿಜಯಪುರದ ಗೋಲಗುಂಬಜ್ ಮ್ಯೂಸಿಯಂನಲ್ಲಿದೆ. ಮೂರು ದಿನ ಇರುವಾಗ ಎರಡನ್ನೂ ನೋಡಬಹುದು. ಐಹೊಳೆಯಲ್ಲಿ ದುರ್ಗ ಗುಡಿಯ ಆವರಣ, ರಾವಣಫಡಿ ಇಷ್ಟಕ್ಕೆ ಅತ್ತೆಯವರು ಬರಲಿ. ಮೇಗುತಿಗೆ ನೀವು ಹೋದಾಗ ಅವರು ಯಜಮಾನರ ಜೊತೆ ನೆರಳಿನಲ್ಲಿ ಕೂರಲಿ.

ಮಳೆಗಾಲದಲ್ಲಿ ಹೋಗುವ ಬೇರೆ ಓದುಗರಿಗೆ ಒಂದು ಮಾತು. ಬಾದಾಮಿ ಮಳೆಗಾಲದಲ್ಲಿ ಬಹಳ ಚಂದ, ಕೆರೆಯ ಮೇಲಿನ ಬಂಡೆಯಿಂದ ಅಕ್ಕ-ತಂಗಿ ಜಲಪಾತ ಧುಮುಕುತ್ತದೆ. ಮಲಪ್ರಭೆಯ ಸುದ್ದಿ ಮಾತ್ರ ನೋಡಿಕೊಂಡು ಹೊರಡಿ. 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೇ ನೀರು ನುಗ್ಗಿತ್ತು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬರಿಗಾಲಲ್ಲಿ ಕಲ್ಲಿನ ಮೇಲೆ ಕಾಲಿಡಲು ಆಗುವುದಿಲ್ಲ.

ಹುಬ್ಬಳ್ಳಿ_ಅಕ್ಕ

ಸೀರೆಯ ಮಾತು ಬಿಟ್ಟೇ ಹೋಗುತ್ತಿತ್ತು. ಬಾದಾಮಿಯ ಹತ್ತಿರವೇ ಗುಳೇದಗುಡ್ಡ. ಅಲ್ಲಿನ ಖಣ, ಅಂದರೆ ರವಿಕೆ ಬಟ್ಟೆ, ನಮ್ಮ ಕಡೆ ಪ್ರತಿ ಮನೆಯಲ್ಲೂ ಇರುತ್ತದೆ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣವೇ ಜೋಡಿ. ನೇಯುವ ಮನೆಗಳು ಕಡಿಮೆ ಆಗುತ್ತಿವೆ. ಕೊಳ್ಳುವುದಾದರೆ ಕೈಮಗ್ಗದ್ದೇ ಅಂತ ಕೇಳಿ, ಹೇಳಿದ ಬೆಲೆ ಕೊಟ್ಟು ಕೊಳ್ಳಿ. ಐಹೊಳೆಯಿಂದ ಅಮೀನಗಡ ಹತ್ತಿರ, ಅಲ್ಲಿಂದ ಕರದಂಟು ತನ್ನಿ.

ಮಲ್ಲಿಗೆ_ಬೆಂಗಳೂರು

ಎಲ್ಲರ ಮಾತು ಸೇರಿಸಿ ಹೀಗೆ ಯೋಚಿಸಿದ್ದೇವೆ. ತೇರಾಗಿ ಒಂದು ವಾರದ ನಂತರದ ವಾರಾಂತ್ಯ. ಗುರುವಾರ ರಾತ್ರಿ ಗೋಲಗುಂಬಜ್ ರೈಲು. ಶುಕ್ರವಾರ ಬೆಳಗ್ಗೆ ರೂಮಿಗೆ ಹೋಗಿ ಸ್ವಲ್ಪ ಮಲಗಿ, ಆಮೇಲೆ ಗುಹೆಗಳು, ಮಧ್ಯಾಹ್ನ ಮ್ಯೂಸಿಯಂ, ಸಂಜೆ ಭೂತನಾಥ. ಶನಿವಾರ ಬೆಳಗ್ಗೆ ಬನಶಂಕರಿ, ಅಲ್ಲೇ ರೊಟ್ಟಿ ಊಟ, ಮಧ್ಯಾಹ್ನ ಮಹಾಕೂಟ, ರಾತ್ರಿ ಸಾಧ್ಯವಾದರೆ ನಾಟಕ. ಭಾನುವಾರ ಕಾರು ಮಾಡಿಕೊಂಡು ಐಹೊಳೆ, ಆಮೇಲೆ ಪಟ್ಟದಕಲ್ಲು, ರಾತ್ರಿ ರೈಲಿಗೆ ವಾಪಸ್. ಸರಿ ಇದೆಯಾ?

ಶಾಸನಪ್ರಿಯ

ಒಂದು ಕಡೆ ತಪ್ಪುತ್ತದೆ. ಬಾದಾಮಿಯ ಮ್ಯೂಸಿಯಂ ಶುಕ್ರವಾರ ಬಂದ್. ಐಹೊಳೆಯದೂ ಶುಕ್ರವಾರವೇ ಬಂದ್, ನೀವು ಭಾನುವಾರ ಹೋಗುವುದರಿಂದ ಅದಕ್ಕೆ ತೊಂದರೆ ಇಲ್ಲ. ಬಾದಾಮಿಯದನ್ನು ಶನಿವಾರಕ್ಕೆ ಹಾಕಿಕೊಳ್ಳಿ. ಅಲ್ಲಿ ಲಜ್ಜಾಗೌರಿಯ ಮೂರ್ತಿ ಇದೆ, ತಾವರೆಯೇ ತಲೆಯಾಗಿರುವ ತಾಯಿ. ಮಕ್ಕಳಾಗಲಿ, ಬೆಳೆಯಾಗಲಿ ಅಂತ ಬೇಡುತ್ತಿದ್ದ ಜನರ ದೇವಿ. ಅತ್ತೆಯವರಿಗೆ ತೋರಿಸಲೇಬೇಕು. ಮ್ಯೂಸಿಯಂಗೆ ಹೋಗುವ ದಾರಿ ಹಳೇ ಊರಿನ ಓಣಿಗಳ ಒಳಗಿನಿಂದ ಹೋಗುತ್ತದೆ, ದೊಡ್ಡ ಗಾಡಿ ಬೇಡ. ಆಟೋ ಮಾಡಿಕೊಳ್ಳಿ.

ಕೆರೂರ_ಹುಡುಗ

ಹಾಗಾದರೆ ಶುಕ್ರವಾರ ಮಧ್ಯಾಹ್ನ ಖಾಲಿ ಬಿಡಿ ಮೇಡಂ, ಏನನ್ನೂ ತುಂಬಬೇಡಿ. ರೈಲಿನಲ್ಲಿ ಬಂದ ಅತ್ತೆಯವರು ಊಟ ಮಾಡಿ ಮಲಗಲಿ. ಶನಿವಾರ ಬೆಳಗ್ಗೆ ಬನಶಂಕರಿ ಆದ ಮೇಲೆ ಊರಿಗೆ ಬಂದು ಮ್ಯೂಸಿಯಂ. ನೀವೂ ಮಗನೂ ಅಲ್ಲಿಂದಲೇ ಬಡಗಣ ಕೋಟೆ ಹತ್ತಿ ಬರಬಹುದು. ಸಂಜೆ ನಾಲ್ಕರ ನಂತರ ಮಹಾಕೂಟ.

ಭಾನುವಾರ ಬೆಳಗ್ಗೆ ಏಳಕ್ಕೆ ಹೊರಟು ಮೊದಲು ಐಹೊಳೆ ತಲುಪಿ. ಗಾಡಿಯವರು ದಾರಿಯಲ್ಲೇ ಸಿಗುತ್ತದೆ ಅಂತ ಪಟ್ಟದಕಲ್ಲಿನಲ್ಲಿ ಮೊದಲು ನಿಲ್ಲಿಸಲು ನೋಡುತ್ತಾರೆ. ಬೇಡ, ಬರುವಾಗ ಅಂತ ಮೊದಲೇ ಹೇಳಿಬಿಡಿ. ಬಾಡಿಗೆ ಮಾತಾಡುವಾಗ ರಾವಣಫಡಿ, ಅಮೀನಗಡ ಎರಡನ್ನೂ ಹೆಸರು ಹೇಳಿ ಸೇರಿಸಿ. ಆಮೇಲೆ ಅಲ್ಲಿ ಹೋಗಿ ಚೌಕಾಸಿ ಬೇಡ. ರೂಮನ್ನು ಭಾನುವಾರ ರಾತ್ರಿಯವರೆಗೂ ಇಟ್ಟುಕೊಳ್ಳಿ. ಪಟ್ಟದಕಲ್ಲಿನಿಂದ ಬಂದ ಮೇಲೆ ರೈಲಿನ ಹೊತ್ತಿನವರೆಗೆ ಅತ್ತೆಯವರು ಕಾಲು ಚಾಚಲು ಜಾಗ ಬೇಕಲ್ಲ.